ಕರೆಂಟು ಹೋಗಿ ಬಂದಾಗ

ಅಹಮದಾಬಾದ್
16 ಜನವರಿ 1996

ಪ್ರೀತಿಯ ಅಣ್ಣನಿಗೆ ನಳಿನಿಯ ನಮಸ್ಕಾರಗಳು.

ನಾನು ಕ್ಷೇಮ. ಉತ್ತರಾಯಣ ಮುಗಿದರೂ ಹಾಸ್ಟೆಲಿನ ಎದುರಿನ ಬೇವಿನ ಮರದ ತುಂಬ ಹರಿದ ಗಾಳಿಪಟಗಳು ನೇತಾಡುತ್ತಿವೆ. ಫೋನು ಮಾಡೋಣವೆಂದರೆ ಅದು ವಾರ್ಡನ್ ಮೇಜಿನ ಮೇಲಿದೆ. ಮಾತು ಸ್ವಲ್ಪ ಉದ್ದವಾದರೂ ಆಕೆ ಕೆಮ್ಮಲು ಶುರು ಮಾಡುತ್ತಾಳೆ. ಅದೂ ಅಲ್ಲದೆ, ಈ ಊರಿನಲ್ಲಿ ಕೂತು ನಾನು ಕನ್ನಡ ಬರೆಯುವುದು ನಿನಗೊಬ್ಬನಿಗೇ. ಅದೂ ನಿಂತರೆ ಮರೆತೇ ಹೋದೀತು.

ನಿನ್ನಿಂದ ಒಂದು ಸಹಾಯ ಬೇಕು. ಪ್ರೊಫೆಸರ್ ವೈದ್ಯರ ಕೈಕೆಳಗೆ ಇಷ್ಟು ವರ್ಷ ಏನು ಮಾಡುತ್ತಿದ್ದೀಯ ಎಂದು ಇಂದಿರಾ ಅತ್ತಿಗೆ ಪ್ರತಿ ಸಲ ಕೇಳುತ್ತಾರೆ, ಪ್ರತಿ ಸಲವೂ ನಾನು ತಡವರಿಸುತ್ತೇನೆ. ಸುಲಭವಾಗಿ ಹೇಳಿದರೆ, ನಾನು ಮಾಡಿರುವುದು ಬೇರೆ ಪ್ರೋಗ್ರಾಂಗಳನ್ನು ಓದುವ ಒಂದು ಪ್ರೋಗ್ರಾಂ. ಒಂದು ಪ್ರೋಗ್ರಾಂ ನಡೆಯುವಾಗ ಯಾವ ಯಾವ ದಾರಿ ಹಿಡಿಯಬಹುದು, ಅದರಲ್ಲಿ ಇದುವರೆಗೆ ಯಾರೂ ಪರೀಕ್ಷಿಸಿ ನೋಡದ ದಾರಿ ಯಾವುದು, ಅದನ್ನು ಹಿಡಿದರೆ ಎಲ್ಲಿಗೆ ಹೋಗಿ ಮುಟ್ಟುತ್ತದೆ, ಇಷ್ಟನ್ನು ಅದು ಹುಡುಕಿ ತೋರಿಸುತ್ತದೆ. ಕಾಗದಪತ್ರಗಳಲ್ಲಿ ಅದಕ್ಕೆ ಉದ್ದದ ಇಂಗ್ಲಿಷ್ ಹೆಸರಿದೆ. ನಾನು ಮನಸ್ಸಿನಲ್ಲಿ ಜರಡಿ ಅನ್ನುತ್ತೇನೆ.

ಮಾರ್ಚಿನಲ್ಲಿ ಇಲ್ಲಿ ದೊಡ್ಡ ಸಮ್ಮೇಳನ. ಸಾಫ್ಟ್‌ವೇರ್ ಪರೀಕ್ಷೆಗೆಂದು ಸಂಶೋಧಕರು ಮಾಡಿರುವ ಹೊಸ ಸಾಧನಗಳನ್ನು ವೇದಿಕೆಯ ಮೇಲೆ ನಡೆಸಿ ತೋರಿಸಬೇಕು. ಪುಣೆ, ದೆಹಲಿ, ಮದ್ರಾಸಿನಿಂದೆಲ್ಲ ಬರುತ್ತಾರೆ. ಎಲ್ಲರೂ ಪಠ್ಯಪುಸ್ತಕದ ಪುಟ್ಟ ಪ್ರೋಗ್ರಾಂ ಹಿಡಿದು ಬರುವವರೇ. ನನಗೆ ಮಾತ್ರ ನಿಜವಾಗಿ ಕೆಲಸ ಮಾಡುತ್ತಿರುವ ಒಂದು ಪ್ರೋಗ್ರಾಂ ಬೇಕು. ಸೂರತ್ತಿನ ಪಕ್ಕದ ಸಚಿನ್‌ನಲ್ಲಿ ನಿನ್ನ ಕಾರ್ಖಾನೆಯ ರಿಯಾಕ್ಟರ್ ನಡೆಸುವುದಕ್ಕೆ ನೀನೇ ಬರೆದದ್ದಿದೆಯಲ್ಲ, ಅದನ್ನು ಕೊಡುತ್ತೀಯಾ?

ಚೇತನ್ ಕನ್ನಡ ಓದುತ್ತಿದ್ದಾನೋ, ಇಲ್ಲ ಪೂರ್ತಿ ಗುಜರಾತಿಯವನೇ ಆದನೋ?

ನಿನ್ನ
ನಳಿನಿ


ಸೂರತ್
28 ಜನವರಿ 1996

ಚಿ. ನಳಿನಿಗೆ ಆಶೀರ್ವಾದಗಳು.

ಬ್ಯಾಂಕಿನ ಪದ್ಮನಾಭ ಅಹಮದಾಬಾದಿಗೆ ಹೊರಟಿದ್ದ. ಅವನ ಕೈಯಲ್ಲಿ ಎರಡು ಫ್ಲಾಪಿ ಕಳಿಸಿದ್ದೇನೆ. ಎರಡರಲ್ಲೂ ಇರುವುದು ಒಂದೇ. ಒಂದು ಕೆಟ್ಟರೆ ಇನ್ನೊಂದು ಇರಲಿ.

ಕೇಳಿದೆಯಲ್ಲ, ಬಹಳ ಖುಷಿಯಾಯಿತು. ಈ ಪ್ರೋಗ್ರಾಂ ನಾನು ಬರೆದದ್ದು ಪ್ಲೇಗಿನ ವರ್ಷ, ನಿನಗೆ ಗೊತ್ತು. ಊರಿಗೆ ಊರೇ ಖಾಲಿಯಾಗಿತ್ತು. ಇಂದಿರಾ ಮತ್ತು ಚೇತನ್‌ನನ್ನು ಬರೋಡಾಕ್ಕೆ ಕಳಿಸಿ, ಮೂಗಿಗೆ ಬಟ್ಟೆ ಕಟ್ಟಿಕೊಂಡು ಕಾರ್ಖಾನೆಯಲ್ಲಿ ಒಬ್ಬನೇ ಕೂತಿದ್ದೆ. ಪುಸ್ತಕ ನೋಡಿಕೊಂಡು ಕಲಿತೆ. ಕಾಲೇಜಿನಲ್ಲಿ ನಮಗೆಲ್ಲಿ ಕಂಪ್ಯೂಟರ್ ಇತ್ತು? ಈಗ ಬಣ್ಣದ ಮೂಲವಸ್ತು ಬೇಯುವ ಆ ದೊಡ್ಡ ಉಕ್ಕಿನ ಪಾತ್ರೆಗೆ ಎಷ್ಟು ಆಸಿಡ್ ಬೀಳಬೇಕು, ಅದರ ಸುತ್ತ ತಣ್ಣೀರು ಯಾವಾಗ ಹರಿಯಬೇಕು ಎಲ್ಲವನ್ನೂ ಅದೇ ನೋಡಿಕೊಳ್ಳುತ್ತದೆ. ನಮ್ಮ ಮಾಲೀಕರಾದ ಶೇಟ್, ಯಾರೇ ಬಂದರೂ ಮೊದಲು ಕರೆದುಕೊಂಡು ಬರುವುದು ನನ್ನ ಕೋಣೆಗೆ. ಅವರ ಬಾಯಲ್ಲಿ ನಾನು 'ನಮ್ಮ ಕಂಪ್ಯೂಟರ್‌ವಾಲಾ'.

ರಿಯಾಕ್ಟರ್ ಹತ್ತಿರ ಇರುವ ಆಪರೇಟರ್ ಭೀಮಸೇನ ನಮ್ಮ ಬಾಗಲಕೋಟೆ ಕಡೆಯವನು. ಕೆಲಸಕ್ಕೆ ನಾನೇ ಸೇರಿಸಿದ್ದು. ಅವನು ದಿನವೂ ಬೆಳಿಗ್ಗೆ ಕಂಪ್ಯೂಟರಿಗೆ ಕೈಮುಗಿದು, "ಸಾಹೇಬ್ರ, ನಿಮ್ಮ ಪೆಟಿಗಿ ಉಣ್ಣಂಗಿಲ್ಲ, ಮಲಗಂಗಿಲ್ಲ. ನಾ ಯಾಕ ಬೇಕ ನಿಮಗ?" ಅಂತ ನಗುತ್ತಾನೆ.

ನಿನ್ನ ಜರಡಿ ಹಿಡಿದು ನೋಡು. ಕಲ್ಲು ಸಿಕ್ಕಿದರೆ ಹೇಳು. ಸಿಗಲಾರದು!

ನಿನ್ನ ಅಣ್ಣ
ರಾಮಕೃಷ್ಣ


ಅಹಮದಾಬಾದ್
19 ಫೆಬ್ರವರಿ 1996

ಪ್ರೀತಿಯ ಅಣ್ಣ,

ಸಿಕ್ಕಿತು! ಕೋಪ ಮಾಡಿಕೊಳ್ಳಬೇಡ. ನಿನ್ನೆ ಸಾಯಂಕಾಲ ಅದನ್ನು ನೋಡಿದಾಗಿನಿಂದ ನನ್ನ ಕಾಲು ನೆಲದ ಮೇಲಿಲ್ಲ.

ನಿನ್ನ ಪ್ರೋಗ್ರಾಂ ಹಂತ ಹಂತವಾಗಿ ನಡೆಯುತ್ತದೆ. ಮೊದಲ ಹಂತದಲ್ಲಿ ಎಲ್ಲ ವಾಲ್ವುಗಳನ್ನೂ ಮುಚ್ಚುತ್ತದೆ, ತಣ್ಣೀರಿನದನ್ನೂ. ರಿಯಾಕ್ಟರ್ ಖಾಲಿ ಇರುವಾಗ ಅದು ಸರಿ. ಆದರೆ ಅರ್ಧ ಆಸಿಡ್ ಬಿದ್ದು ಒಳಗೆ ಬಿಸಿ ಏರುತ್ತಿರುವಾಗ ಕರೆಂಟು ಹೋಗಿ ಬಂತು ಅಂದುಕೋ. ಕಂಪ್ಯೂಟರ್ ಹೊಸದಾಗಿ ಶುರುವಾಗುತ್ತದೆ. ಎಲ್ಲಿಗೆ ಬಂದಿದ್ದೆ ಎಂಬುದು ಅದಕ್ಕೆ ನೆನಪಿಲ್ಲ. ರಿಯಾಕ್ಟರ್ ಖಾಲಿ ಇದೆ ಎಂದುಕೊಂಡು ತಣ್ಣೀರು ಮುಚ್ಚುತ್ತದೆ. ಬಿಸಿ ಎಷ್ಟಿದೆ ಎಂದು ನೋಡುವುದು ನಾಲ್ಕನೆಯ ಹಂತದಲ್ಲಿ. ಅಲ್ಲಿಯವರೆಗೆ ಅಪಾಯದ ಗಂಟೆ ಬಾರಿಸುವುದೇ ಇಲ್ಲ. ತೆರೆಯ ಮೇಲೆ ಎಲ್ಲವೂ ಹಸಿರಾಗಿಯೇ ಕಾಣುತ್ತದೆ.

ಇದಕ್ಕೆಲ್ಲ ನೀನು ಬೇರೆ ಏನಾದರೂ ಏರ್ಪಾಡು ಮಾಡಿಯೇ ಇರುತ್ತೀಯ, ನನಗೆ ಗೊತ್ತು. ಆದರೂ ಕಣ್ಣಿಗೆ ಕಾಣದ ಇಂಥದೊಂದು ದಾರಿಯನ್ನು ಜರಡಿ ತಾನಾಗಿ ಹುಡುಕಿತಲ್ಲ! ವೈದ್ಯರು ಕುರ್ಚಿಯಿಂದ ಎದ್ದು ಬಂದು ನೋಡಿದರು. ಇಷ್ಟು ವರ್ಷದಲ್ಲಿ ಅವರು ನನಗಾಗಿ ಎದ್ದದ್ದು ಇದೇ ಮೊದಲು. ಇದನ್ನೇ ಸಮ್ಮೇಳನದಲ್ಲಿ ತೋರಿಸು ಅಂದಿದ್ದಾರೆ.

ಅಪ್ಪ ಇದ್ದಿದ್ದರೆ ರೈಲ್ವೆ ಕ್ವಾರ್ಟರ್ಸಿನವರಿಗೆಲ್ಲ ಹೇಳಿಕೊಂಡು ಬರುತ್ತಿದ್ದರು, ಮಗನ ಪ್ರೋಗ್ರಾಂ, ಮಗಳ ಜರಡಿ ಅಂತ.

ನಳಿನಿ


ಸೂರತ್
4 ಮಾರ್ಚ್ 1996

ನಳಿನಿಗೆ,

ಪತ್ರ ತಲುಪಿತು.

ನೀನು ಹೇಳಿದ್ದು ಕಾಗದದ ಮೇಲೆ ಸರಿ. ಕಾರ್ಖಾನೆ ಕಾಗದದ ಮೇಲೆ ನಡೆಯುವುದಿಲ್ಲ. ಕರೆಂಟು ಹೋದರೆ ಜನರೇಟರ್ ಶುರುವಾಗುತ್ತದೆ. ಅದು ಶುರುವಾಗುವವರೆಗೆ ಕಂಪ್ಯೂಟರ್ ನಿಲ್ಲದಿರಲೆಂದು ಕೆಳಗೆ ಬ್ಯಾಟರಿ ಪೆಟ್ಟಿಗೆ ಇಟ್ಟು ಬರೆದ ಪ್ರೋಗ್ರಾಂ ಅದು. ನಿಂತರೆ ತಾನೇ ಮೊದಲಿನಿಂದ ಶುರುವಾಗುವ ಪ್ರಶ್ನೆ? ಈ ವಿಚಾರ ನಿನ್ನ ಜರಡಿಗೆ ಹೇಗೆ ತಿಳಿಯಬೇಕು? ನಮ್ಮ ರಿಯಾಕ್ಟರನ್ನು ಅದು ನೋಡಿಲ್ಲ, ನೀನೂ ನೋಡಿಲ್ಲ.

ತೋರಿಸಲೇಬೇಕೆಂದಿದ್ದರೆ ತೋರಿಸು. ಕಾರ್ಖಾನೆಯ ಹೆಸರು, ನನ್ನ ಹೆಸರು ಬೇಡ. ಊರಿನ ಹೆಸರೂ ಬೇಡ.

ಪುಸ್ತಕದ ಪ್ರೋಗ್ರಾಂ ತೋರಿಸಿದ್ದರೇ ಚೆನ್ನಾಗಿತ್ತು.

ರಾಮಕೃಷ್ಣ

ನಳಿನಿ, ನಾನು ಇಂದಿರಾ. ಲಕೋಟೆ ಅಂಟಿಸುವ ಮೊದಲು ಎರಡು ಮಾತು. ಏನು ಬರೆದಿದ್ದೆ ಅವರಿಗೆ? ತಟ್ಟೆಯ ಮುಂದೆ ಕೂತರೂ ಪೇಪರಿನ ಅಂಚಿನಲ್ಲಿ ಏನೋ ಗೀಚುತ್ತಿರುತ್ತಾರೆ. ಕೇಳಿದರೆ ರೇಗುತ್ತಾರೆ. ಇಷ್ಟು ಓದಿದವಳು, ಅವರ ಮನಸ್ಸಿಗೆ ನೋವಾಗದ ಹಾಗೆ ಬರಿ.


ಅಹಮದಾಬಾದ್
23 ಮಾರ್ಚ್ 1996

ಪ್ರೀತಿಯ ಅಣ್ಣನಿಗೆ,

ಸಮ್ಮೇಳನ ಮುಗಿಯಿತು. ನಿನ್ನ ಹೆಸರನ್ನಾಗಲಿ ಕಾರ್ಖಾನೆಯ ಹೆಸರನ್ನಾಗಲಿ ಹೇಳಲಿಲ್ಲ.

ನನ್ನ ಸರದಿ ಊಟದ ನಂತರ. ಅರ್ಧ ಜನ ತೂಕಡಿಸುತ್ತಿದ್ದರು. ನನಗಿಂತ ಮುಂಚಿನವರ ಸಾಧನ ನಡುವೆಯೇ ಕೈಕೊಟ್ಟು ಅವರು ಬೆವರು ಒರೆಸಿಕೊಳ್ಳುತ್ತ ಇಳಿದರು. ನನ್ನದು ಕೈಕೊಡಲಿಲ್ಲ. ತೆರೆಯ ಮೇಲೆ ಹಂತಗಳು ಒಂದೊಂದಾಗಿ ಬಂದವು. ಕರೆಂಟು ಹೋಯಿತು ಅಂದೆ, ಬಂತು ಅಂದೆ, ತಣ್ಣೀರು ನಿಂತದ್ದನ್ನು ತೋರಿಸಿದೆ. ಸಭೆ ಎಚ್ಚೆತ್ತಿತು. ದೆಹಲಿಯ ಹಿರಿಯರೊಬ್ಬರು ಎದ್ದು, "ಇಂಥ ಪ್ರೋಗ್ರಾಂ ಬರೆದ ಪುಣ್ಯಾತ್ಮ ಯಾರಮ್ಮ? ಅವರಿಗೆ ಇನ್ನೂ ಕೆಲಸ ಇದೆಯೇ?" ಅಂದರು. ಎಲ್ಲರೂ ನಕ್ಕರು. ನಗು ನಿಂತ ಮೇಲೆ ನಾನು ಮುಂದಿನದನ್ನು ವಿವರಿಸಿದೆ.

ಆಮೇಲೆ ಚಹಾಕ್ಕೆ ನಿಂತಾಗ ಜನ ಸುತ್ತುವರಿದರು, ಅಣ್ಣ. ಯಾವ ತರಹದ ರಿಯಾಕ್ಟರ್, ಏನು ತಯಾರಾಗುತ್ತದೆ ಎಂದು ಒಬ್ಬರು ಬಿಡದೆ ಕೇಳಿದರು. ಸಂಕೋಚವಾಗಿ ಸ್ವಲ್ಪ ಹೇಳಿದೆ. ಅದರಿಂದ ಯಾರಿಗೂ ಏನೂ ತಿಳಿಯಲಾರದು.

ನನ್ನ ಮೇಲೆ ಸಿಟ್ಟಾಗಿದ್ದೀಯ ಎಂದು ಆ ಪತ್ರ ಓದಿದಾಗ ಅನಿಸಿತು. ತಂಗಿ ತಪ್ಪು ಹಿಡಿದಳು ಎಂದು ಇಷ್ಟು ಬೇಸರವೇ? ಗಣಿತದಲ್ಲಿ ನಾನು ತಪ್ಪು ಮಾಡಿದಾಗ ನೀನು ಪೆನ್ಸಿಲಿನಿಂದ ತಲೆಗೆ ಕುಟ್ಟುತ್ತಿದ್ದೆಯಲ್ಲ, ಅದಕ್ಕೆ ಇದು ಬಡ್ಡಿ ಅಂದುಕೋ.

ನಳಿನಿ


ಸೂರತ್
11 ಏಪ್ರಿಲ್ 1996

ನಳಿನಿಗೆ ಆಶೀರ್ವಾದ.

ನೀನು ಯಾರಿಗೆ 'ಸ್ವಲ್ಪ' ಹೇಳಿದೆಯೋ ಅವರು ಸೂರತ್ತಿನ ಬಣ್ಣದ ಕಾರ್ಖಾನೆಯವರು. ಸಚಿನ್‌ನಲ್ಲಿ ಕಂಪ್ಯೂಟರಿಟ್ಟು ಆ ಮಾಲು ಮಾಡುವವರು ನಾವೊಬ್ಬರೇ. ಮರುದಿನವೇ ನಮ್ಮ ಶೇಟ್ ಕಿವಿಗೆ ಬಿತ್ತು.

ಅವರು ನನ್ನನ್ನು ಮೇಲಿನ ಆಫೀಸಿಗೆ ಕರೆಸಿ, ಚಹಾ ತರಿಸಿ, "ರಾಮಕೃಷ್ಣಭಾಯ್, ಮನೆಯ ವಸ್ತು ಬಜಾರಿಗೆ ಹೇಗೆ ಹೋಯಿತು?" ಎಂದು ಕೇಳಿದರು. ತಂಗಿಯ ಓದಿಗೆ ಕೊಟ್ಟೆ ಅಂದೆ. ಅವರು ಗಟ್ಟಿಯಾಗಿ ಒಂದು ಮಾತೂ ಆಡಲಿಲ್ಲ. ಆಡಿದ್ದರೆ ವಾಸಿಯಿತ್ತು.

ಆ ಮನುಷ್ಯ ನನಗೂ ಸಿಕ್ಕಿದ್ದರು. "ನಿಮ್ಮ ತಂಗಿ ಬಹಳ ಚುರುಕು. ಸಭೆಯೆಲ್ಲ ನಕ್ಕಾಗ ಅವರೂ ಚೆನ್ನಾಗಿ ನಕ್ಕರು" ಅಂದರು. ಇರಲಿ.

ನೀನು ಚಿಂತೆ ಮಾಡಬೇಡ. ಪ್ರೋಗ್ರಾಂ ಸರಿಪಡಿಸಿದ್ದೇನೆ. ಇನ್ನು ಕರೆಂಟು ಹೋಗಿ ಬಂದರೆ ಅದು ಮೊದಲು ಬಿಸಿ ನೋಡುತ್ತದೆ, ಆಮೇಲೆ ಉಳಿದದ್ದು. ಇಲ್ಲಿಗೆ ಈ ವಿಷಯ ಮುಗಿಸೋಣ. ಇನ್ನು ಮೇಲೆ ಕಾರ್ಖಾನೆಯ ವಿಳಾಸಕ್ಕೆ ಬರೆಯಬೇಡ.

ರಾಮಕೃಷ್ಣ


ಅಹಮದಾಬಾದ್
2 ಮೇ 1996

ಅಣ್ಣ,

ಹೌದು, ನಕ್ಕೆ. ವೇದಿಕೆಯ ಮೇಲೆ ಒಬ್ಬಳೇ ನಗದೆ ನಿಂತರೆ ಬರೆದವರು ನನ್ನವರೇ ಎಂದು ತಿಳಿದುಬಿಡುತ್ತದೆ ಅನಿಸಿತು. ಅದನ್ನು ನಿನಗೆ ಬರೆಯಲು ಮುಖವಿರಲಿಲ್ಲ. ಕ್ಷಮಿಸು.

ಸರಿಪಡಿಸಿದೆ ಎಂದು ಓದಿ ಎಷ್ಟು ನಿರಾಳವಾಯಿತೆಂದರೆ, ಪತ್ರ ಹಿಡಿದುಕೊಂಡೇ ವೈದ್ಯರ ಕೋಣೆಗೆ ಹೋದೆ. ಅವರು ಕೂಡಲೇ, "ಆ ಹೊಸ ಪ್ರೋಗ್ರಾಂ ತರಿಸು. ಜುಲೈಯಲ್ಲಿ ಬರೋಡಾದ ಮಕರಪುರದಲ್ಲಿ ಕಾರ್ಖಾನೆ ಮಾಲೀಕರಿಗಾಗಿಯೇ ಒಂದು ಪ್ರದರ್ಶನ ಇಟ್ಟುಕೊಳ್ಳೋಣ. ಹಳೆಯದು, ಹೊಸದು ಎರಡನ್ನೂ ಅಕ್ಕಪಕ್ಕ ತೋರಿಸು. ನಿನ್ನ ಪಿಎಚ್.ಡಿ. ಪ್ರಬಂಧಕ್ಕೆ ಇದಕ್ಕಿಂತ ಒಳ್ಳೆಯ ಕೊನೆ ಬೇಡ" ಅಂದರು.

ಕಳಿಸುತ್ತೀಯಲ್ಲ? ಈ ಸಲ ಯಾರೂ ನಗುವುದಿಲ್ಲ. ಕೇಳಿದವರಿಗೆ, ಬರೆದವರೇ ತಿದ್ದಿದರು ಎಂದು ತಲೆಯೆತ್ತಿ ಹೇಳುತ್ತೇನೆ.

ನಳಿನಿ


ಅಹಮದಾಬಾದ್
6 ಜೂನ್ 1996

ಅಣ್ಣ,

ಒಂದು ಸಾಲಾದರೂ ಬರಿ. ಮನೆಯ ಫೋನು ಹತ್ತುತ್ತಿಲ್ಲ. ಕೋಪವಿದ್ದರೆ ಬಂದು ನಿನ್ನ ಮುಂದೆ ನಿಂತು ಬೈಸಿಕೊಳ್ಳುತ್ತೇನೆ. ಆದರೆ ಜುಲೈ ಹತ್ತಿರ ಬಂತು. ಈ ವರ್ಷ ಮುಗಿಸದಿದ್ದರೆ ನನ್ನ ಅವಧಿ ಮುಗಿದಂತೆ ಎಂದು ವೈದ್ಯರು ನೆನಪಿಸಿದ್ದಾರೆ.

ನಳಿನಿ


ಸೂರತ್
20 ಜೂನ್ 1996

ನಳಿನಿಗೆ,

ಹೊಸ ಪ್ರೋಗ್ರಾಂ ಇದರ ಜೊತೆಗಿದೆ. ಜರಡಿ ಹಿಡಿದು ನೋಡು. ಸರಿಯಾಗಿದ್ದರೆ ನನಗೂ ತಿಳಿಸು.

ಎಲ್ಲರೂ ಚೆನ್ನಾಗಿದ್ದೇವೆ.

ರಾಮಕೃಷ್ಣ


ಅಹಮದಾಬಾದ್
17 ಜುಲೈ 1996

ನನ್ನ ಮುದ್ದು ಅಣ್ಣನಿಗೆ,

ಸರಿಯಾಗಿದೆ! ಎಲ್ಲ ದಾರಿಗಳಲ್ಲೂ ಹೋಗಿ ನೋಡಿದೆ. ಎಲ್ಲಿಯೂ ತಣ್ಣೀರು ನಿಲ್ಲುವುದಿಲ್ಲ. ನೀನು ತಿದ್ದಿದ ರೀತಿ ಎಷ್ಟು ಅಚ್ಚುಕಟ್ಟಾಗಿದೆ ಎಂದರೆ, ವೈದ್ಯರು ಅದನ್ನು ತರಗತಿಯಲ್ಲಿ ಹೇಳಿಕೊಡುತ್ತಾರಂತೆ.

ಮಕರಪುರಕ್ಕೆ ಮಳೆಯಲ್ಲೇ ಹೋದೆವು. ತಗಡಿನ ಸೂರಿನ ಸಭಾಂಗಣ. ಮಳೆಯ ಸದ್ದಿಗೆ ಕಿರುಚಿ ಮಾತಾಡಬೇಕಾಯಿತು. ಬಂದವರೆಲ್ಲ ದುಡಿದು ಮೇಲೆ ಬಂದ ಮಾಲೀಕರು. ದೆಹಲಿಯವರ ಹಾಗೆ ಚುಚ್ಚಲಿಲ್ಲ. ಹಳೆಯದು ಕೆಟ್ಟದ್ದನ್ನು ನೋಡಿ ನಾಲಿಗೆ ಕಚ್ಚಿಕೊಂಡರು, ಹೊಸದು ತಡೆದುಕೊಂಡದ್ದನ್ನು ನೋಡಿ ಚಪ್ಪಾಳೆ ತಟ್ಟಿದರು. ಎದ್ದು ನಿಂತ ಒಬ್ಬರು, "ಬೇನ್, ಇದು ಆಟವೋ, ನಿಜವಾಗಿ ಎಲ್ಲಾದರೂ ನಡೆಯುತ್ತಿದೆಯೋ?" ಎಂದು ಕೇಳಿದರು. ಸಚಿನ್‌ನ ಒಂದು ಕಾರ್ಖಾನೆಯಲ್ಲಿ ಈಗ ನಡೆಯುತ್ತಿರುವುದು ಈ ತಿದ್ದಿದ ಪ್ರೋಗ್ರಾಂ ಎಂದೆ. ವೈದ್ಯರು ಹಂಚಿದ ಕರಪತ್ರದಲ್ಲೂ ಹಾಗೇ ಅಚ್ಚಾಗಿತ್ತು. ಊರಿನ ಹೆಸರು ಬೇಡ ಅಂದಿದ್ದೆ ನೀನು. ಆದರೆ ಈಗ ಅದು ಹೆಮ್ಮೆಯ ಮಾತಲ್ಲವೇ?

ಬರುವಾಗ ಬರೋಡಾ ಸ್ಟೇಷನ್ನಿನಲ್ಲಿ ಅಪ್ಪನ ಹಳೆಯ ಆಫೀಸಿನ ಕಿಟಕಿ ನೋಡಿದೆ. ಅಳು ಬಂತು. ಸಂತೋಷದ್ದೇ.

ನವರಾತ್ರಿಗೆ ಸೂರತ್ತಿಗೆ ಬರುತ್ತೇನೆ. ನಿನ್ನ ರಿಯಾಕ್ಟರ್ ತೋರಿಸು. ಭೀಮಸೇನರನ್ನೂ ನೋಡಬೇಕು.

ನಿನ್ನ ನಳಿನಿ


ಅಹಮದಾಬಾದ್
30 ಆಗಸ್ಟ್ 1996

ಅಣ್ಣ,

ಅತ್ತಿಗೆಯ ತಂತಿ ಬಂದ ದಿನವೇ ಹೊರಟು ಬಂದೆ. ನಿನಗೆ ನೆನಪಿದೆಯೋ ಇಲ್ಲವೋ. ಆಸ್ಪತ್ರೆಯಲ್ಲಿ ನಿನ್ನ ಮಂಚದ ಪಕ್ಕ ಮೂರು ದಿನ ಕೂತಿದ್ದೆ. ನಿನ್ನ ಎರಡೂ ಕೈಗಳನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ಮೇಲಕ್ಕೆ ಕಟ್ಟಿದ್ದರು. ಎಚ್ಚರವಿದ್ದಾಗಲೂ ನೀನು ನನ್ನ ಕಡೆ ನೋಡಲಿಲ್ಲ.

ಪಕ್ಕದ ವಾರ್ಡಿನಲ್ಲಿ ಭೀಮಸೇನರು ತೀರಿಕೊಂಡಾಗ ಅವರ ಹೆಂಡತಿ ಗಂಗವ್ವ ಬಾಗಿಲಲ್ಲಿ ನಿಂತು, "ಅವರಿಗೆ ನೀರರ ಕುಡಿಸಿದ್ರೇನು?" ಎಂದು ದಾದಿಯನ್ನು ಕನ್ನಡದಲ್ಲೇ ಕೇಳುತ್ತಿದ್ದಳು. ದಾದಿಗೆ ಅರ್ಥವಾಗಲಿಲ್ಲ. ನನಗೆ ಅರ್ಥವಾಯಿತು. ಆದರೂ ಎದ್ದು ಹೋಗಲಿಲ್ಲ.

ಎಲ್ಲರೂ ಹೇಳುವುದು ಒಂದೇ. ಮಧ್ಯಾಹ್ನ ಮಳೆ, ಕರೆಂಟು ಹೋಗಿ ಬಂತು, ಸ್ವಲ್ಪ ಹೊತ್ತಿಗೆ ರಿಯಾಕ್ಟರಿನ ಮುಚ್ಚಳ ಹಾರಿತು. ಅದು ಹೇಗೆ ಸಾಧ್ಯ? ಹೊಸ ಪ್ರೋಗ್ರಾಂ ನಾನೇ ನೋಡಿದ್ದೇನೆ. ರಾತ್ರಿಯೆಲ್ಲ ಮತ್ತೆ ನೋಡಿದೆ. ಜರಡಿಗೆ ಏನಾದರೂ ತಪ್ಪಿಹೋಯಿತೇ? ಹಾಗಿದ್ದರೆ ಭೀಮಸೇನರನ್ನು ಕೊಂದವಳು ನಾನು. ದಯವಿಟ್ಟು ಹೇಳು.

ನಳಿನಿ


ಸೂರತ್
14 ಸೆಪ್ಟೆಂಬರ್ 1996

ನಳಿನಿಗೆ,

ನಾನು ಹೇಳುತ್ತಿದ್ದೇನೆ, ಇಂದಿರಾ ಬರೆಯುತ್ತಿದ್ದಾಳೆ. ಕೈ ಇನ್ನೂ ಬಿಚ್ಚಿಲ್ಲ.

ನಿನ್ನ ಜರಡಿಗೆ ಏನೂ ತಪ್ಪಿಲ್ಲ. ನಾನು ನಿನಗೆ ಕಳಿಸಿದ ಹೊಸ ಪ್ರೋಗ್ರಾಂ ರಿಯಾಕ್ಟರಿಗೆ ಹಾಕಲೇ ಇಲ್ಲ. ಬರೆದದ್ದು ನಿಜ. ತಪ್ಪು ಸಿಕ್ಕಿತೆಂದು ನೀನು ಬರೆದ ಪತ್ರ ಬಂದ ವಾರವೇ ಬರೆಯಲು ಶುರು ಮಾಡಿದ್ದೆ. ಬ್ಯಾಟರಿ ಪೆಟ್ಟಿಗೆಯನ್ನು ಹೋದ ದೀಪಾವಳಿಗೇ ಶೇಟ್ ಆಫೀಸಿನ ಲೆಕ್ಕದ ಕಂಪ್ಯೂಟರಿಗೆ ಎತ್ತಿಕೊಂಡು ಹೋಗಿದ್ದರು. ನಾನು ಕೇಳಿದಾಗ, "ಚಾಲ್ಶೆ, ರಾಮಕೃಷ್ಣಭಾಯ್, ಚಾಲ್ಶೆ" ಅಂದರು. ನಡೆಯುತ್ತದೆ, ನಡೆಯುತ್ತಲೂ ಇತ್ತು. ನಡೆಯುತ್ತಿರುವಾಗ ಹೇಗೆ ಜಗಳ ಮಾಡುವುದು?

ನಿನ್ನ ಸಮ್ಮೇಳನದ ಮೇಲೆ ನನ್ನ ಕೋಣೆಗೆ ಬೀಗ ಬಿತ್ತು. ಪ್ರೋಗ್ರಾಂ ಮುಟ್ಟಬಾರದು, ಮುಟ್ಟಿದರೆ ತಪ್ಪಿತ್ತೆಂದು ಒಪ್ಪಿದಂತೆ, ದೀಪಾವಳಿಗೆ ಬೊಂಬಾಯಿಯಿಂದ ಹೊಸ ಯಂತ್ರವೇ ಬರುತ್ತದೆ ಅಂದರು. ಪ್ರೋಗ್ರಾಂನಲ್ಲಿ ಯಾವ ದೋಷವೂ ಇಲ್ಲ ಎಂದು ಬರೆದುಕೊಡು, ಇಲ್ಲವೇ ಹೊರಟುಹೋಗು ಅಂದರು. ಸಹಿ ಮಾಡಿದೆ. ನಿನಗೆ ಸರಿಪಡಿಸಿದ್ದೇನೆ ಎಂದು ಬರೆದದ್ದು ಅದೇ ದಿನ.

ನಳಿನಿ, ಇದು ನನ್ನ ಮಾತು, ಇಂದಿರಾಳದು. ಇಲ್ಲಿ ನಿಮ್ಮಣ್ಣ ಗೋಡೆ ಕಡೆ ತಿರುಗಿಬಿಟ್ಟರು. ಇದೆಲ್ಲ ನನಗೂ ಇವತ್ತೇ ತಿಳಿಯುತ್ತಿರುವುದು. ಚಹಾ ಮಾಡಿಕೊಂಡು ಬಂದೆ. ಮತ್ತೆ ಹೇಳುತ್ತೇನೆ ಅಂದಿದ್ದಾರೆ, ಬರೆಯುತ್ತೇನೆ.

ಆ ದಿನ ಜನರೇಟರ್ ಕೂಡಲೇ ಹತ್ತಿತು. ತೆರೆ ಹಸಿರಾಯಿತು. ನಾನು ಆಫೀಸಿನ ಕಿಟಕಿಯಿಂದಲೇ ಭೀಮಸೇನನಿಗೆ ಕೂಗಿದೆ, ತಣ್ಣೀರಿನ ವಾಲ್ವಿನ ಚಕ್ರ ಕೈಯಲ್ಲೇ ತಿರುಗಿಸು ಅಂತ. ಮಳೆಯಲ್ಲಿ ಕೇಳಲಿಲ್ಲ. ಓಡಿದೆ. ಭೀಮಸೇನ ಪೈಪಿನ ಮೇಲೆ ಕೈಯಿಟ್ಟು ನಿಂತಿದ್ದ. "ಸಾಹೇಬ್ರ, ಪೆಟಿಗಿ ಎಲ್ಲಾ ಸರಿ ಐತಿ ಅಂತೈತಿ. ಮತ್ತ್ಯಾಕ ಇದು ಸುಡಾಕತ್ತೇತಿ?" ಅಂದ. ಇಬ್ಬರೂ ಚಕ್ರ ಹಿಡಿದೆವು. ತಡವಾಗಿತ್ತು.

ಎಲ್ಲ ಗೊತ್ತಿದ್ದವನು ನಾನು. ಅವನಿಗೆ ಒಂದು ಮಾತು ಹೇಳಿರಲಿಲ್ಲ. ಹೇಳಿದರೆ ಹೆದರುತ್ತಾನೆ, ಹೆದರಿದರೆ ಊರೆಲ್ಲ ಹೇಳುತ್ತಾನೆ ಅಂದುಕೊಂಡೆ.

ರಾಮಕೃಷ್ಣ


ಅಹಮದಾಬಾದ್
9 ಅಕ್ಟೋಬರ್ 1996

ಅಣ್ಣ,

ನಿನ್ನ ಪತ್ರವನ್ನು ಇಷ್ಟು ದಿನ ಇಟ್ಟುಕೊಂಡೇ ಇದ್ದೆ. ಒಂದು ದಿನ ಎಲ್ಲ ಬೈಗುಳ ಬರೆದು ಹರಿದೆ. ಇನ್ನೊಂದು ದಿನ ಸಮಾಧಾನ ಬರೆದೆ, ಅದನ್ನೂ ಹರಿದೆ.

ನಿನ್ನೆ ವೈದ್ಯರು ಕರೆದರು. ಸೂರತ್ತಿನ ವಿಚಾರಣೆಯಲ್ಲಿ ಕಾರ್ಖಾನೆಯ ವಕೀಲರು ನಮ್ಮ ಮಕರಪುರದ ಕರಪತ್ರ ಹಾಜರುಪಡಿಸಿದ್ದಾರಂತೆ. ಪ್ರೋಗ್ರಾಂ ತಿದ್ದಲಾಗಿತ್ತು, ಸಂಶೋಧನಾ ಸಂಸ್ಥೆಯೇ ಪರೀಕ್ಷೆ ಮಾಡಿ ನಿರ್ದೋಷ ಎಂದಿತ್ತು, ಆದ್ದರಿಂದ ತಪ್ಪು ಆಪರೇಟರನದು, ಅವನು ಕೈಯಾರೆ ತಣ್ಣೀರು ಮುಚ್ಚಿರಬೇಕು ಎಂದು ವಾದ. ನಾನು ಹೆಮ್ಮೆಯಿಂದ ಆಡಿದ ಮಾತು ಅಣ್ಣ ಅದು, ತಗಡಿನ ಸೂರಿನ ಕೆಳಗೆ ಕಿರುಚಿ ಆಡಿದ್ದು.

ನಾನು ಹೋಗಿ ನಿಜ ಹೇಳಬಹುದು. ಹೇಳಿದರೆ ನಿನ್ನ ಸಹಿ ಹೊರಗೆ ಬರುತ್ತದೆ, ನಿನ್ನನ್ನು ಒಳಗೆ ಹಾಕಬಹುದು. ಹೇಳದಿದ್ದರೆ ಭೀಮಸೇನರೇ ತಪ್ಪಿತಸ್ಥರು. ಸುಮ್ಮನಿರು ಎಂದು ವೈದ್ಯರು ಹೇಳಿದ್ದಾರೆ. ನೀನು ಏನು ಹೇಳುತ್ತೀ?

ನಳಿನಿ


ಸೂರತ್
15 ಅಕ್ಟೋಬರ್ 1996

ನಳಿನಿ,

ಇದು ನನ್ನದೇ ಅಕ್ಷರ. ವಕ್ರವಾಗಿದೆ, ಹೊಂದಿಸಿಕೊಂಡು ಓದು.

ಹೋಗಿ ಹೇಳು. ನನ್ನನ್ನು ನೋಡಬೇಡ.

ಅಣ್ಣ


ಅಹಮದಾಬಾದ್
25 ನವೆಂಬರ್ 1996

ಪ್ರೀತಿಯ ಅಣ್ಣ,

ಹೋಗಿ ಹೇಳಿದೆ. ಆ ದಿನ ನಿನ್ನ ಮನೆಗೆ ಬರುವ ಧೈರ್ಯವಾಗಲಿಲ್ಲ, ನೇರ ಸ್ಟೇಷನ್ನಿಗೆ ಹೋದೆ. ಅದಕ್ಕೇ ಈಗ ಬರೆಯುತ್ತಿದ್ದೇನೆ.

ವಿಚಾರಣೆಯ ಅಧಿಕಾರಿ ಕೆಟ್ಟವರಲ್ಲ. ನೀರು ಕೊಟ್ಟು ಕೂರಿಸಿದರು. ನಾನು ಎರಡೂ ಪ್ರೋಗ್ರಾಂ ಮೇಜಿನ ಮೇಲಿಟ್ಟು, ರಿಯಾಕ್ಟರಿನಲ್ಲಿ ಇದ್ದದ್ದು ಇದು, ನಾನು ಹೊಗಳಿದ್ದು ಅದು ಅಂದೆ.

"ಒಳಗೆ ಇದೇ ಇತ್ತೆಂದು ನೀವು ಕಣ್ಣಾರೆ ನೋಡಿದ್ದೀರಾ?"

"ಇಲ್ಲ. ನನ್ನ ಅಣ್ಣ ಹೇಳಿದ."

"ದೋಷವಿಲ್ಲವೆಂದು ಸಹಿ ಮಾಡಿದವರೂ ನಿಮ್ಮ ಅಣ್ಣನೇ ತಾನೆ?"

"ಹೌದು. ಬಲವಂತಕ್ಕೆ."

"ಹಾಗಾದರೆ ಅವರ ಯಾವ ಮಾತನ್ನು ನಂಬಲಿ, ಬೇನ್?"

ಕಾರ್ಖಾನೆಯ ಕಂಪ್ಯೂಟರನ್ನೇ ತೆರೆದು ನೋಡಿ ಅಂದೆ. ಬೆಂಕಿಯಲ್ಲಿ ಕರಗಿದೆ, ಉಳಿದದ್ದನ್ನು ಗುಜರಿಗೆ ಹಾಕಿದ್ದಾರೆ ಅಂದರು. ಜರಡಿ ನಡೆಸಿ ತೋರಿಸುತ್ತೇನೆ ಅಂದೆ. ವಕೀಲರು ನಗುತ್ತ, "ನಿಮ್ಮ ಸಾಧನ ಜುಲೈಯಲ್ಲಿ ಎಲ್ಲ ಸರಿ ಅಂದಿತು, ನವೆಂಬರಿನಲ್ಲಿ ಸರಿಯಿಲ್ಲ ಅನ್ನುತ್ತಿದೆ. ನಿಮ್ಮ ಸಾಧನವನ್ನು ಪರೀಕ್ಷೆ ಮಾಡಿದವರು ಯಾರು?" ಎಂದು ಕೇಳಿದರು. ಅದು ಸುಳ್ಳು ಹೇಳಿಲ್ಲ, ಎರಡು ಬೇರೆ ಬೇರೆ ಪ್ರೋಗ್ರಾಂ ಓದಿದೆ ಎಂದು ನಾನು ಮತ್ತೆ ಮತ್ತೆ ಹೇಳುತ್ತಲೇ ಇದ್ದೆ. ಬರೆದುಕೊಳ್ಳುತ್ತಿದ್ದವರು ಪೆನ್ನು ಕೆಳಗಿಟ್ಟಿದ್ದರು. ಗಂಗವ್ವ ಹಿಂದಿನ ಬೆಂಚಿನಲ್ಲಿ ಕೂತಿದ್ದಳು. ಹೊರಗೆ ಬಂದಾಗ, "ಏನಂದ್ರವ್ವ? ನಮ್ಮವರದ ತಪ್ಪಂತೇನು?" ಎಂದು ಕೇಳಿದಳು. ಅಲ್ಲ ಅಂದೆ. "ನೀವಂದ್ರ ಆತೇನು?" ಅಂದಳು. ಅವತ್ತೇ ಅವಳು ಊರಿಗೆ ಹೊರಟಳು.

ತೀರ್ಪು ಬಂದಿದೆ. ಆಪರೇಟರನ ಅಜಾಗರೂಕತೆ. ನಿನ್ನ ಮೇಲೆ ಏನೂ ಇಲ್ಲ. ಸಂತೋಷಪಡಬೇಕೋ ಏನೋ ತಿಳಿಯುತ್ತಿಲ್ಲ.

ನನ್ನನ್ನು ಸಂಸ್ಥೆಯಿಂದ ಬಿಡಿಸಿದ್ದಾರೆ. ಜರಡಿ ಸಂಸ್ಥೆಯದು, ಅದನ್ನು ವೈದ್ಯರು ಇನ್ನೊಬ್ಬ ವಿದ್ಯಾರ್ಥಿಯ ಕೈಗೆ ಕೊಟ್ಟಿದ್ದಾರೆ. ಮುಂದಿನ ಸಮ್ಮೇಳನದಲ್ಲಿ ಅವನು ಅದನ್ನು ಪಠ್ಯಪುಸ್ತಕದ ಪ್ರೋಗ್ರಾಂ ಮೇಲೆ ತೋರಿಸುತ್ತಾನಂತೆ. ನಾನು ಮಣಿನಗರದ ಒಂದು ಶಾಲೆಯಲ್ಲಿ ಮಕ್ಕಳಿಗೆ ಟೈಪಿಂಗ್ ಹೇಳಿಕೊಡುತ್ತಿದ್ದೇನೆ.

ನಳಿನಿ


ನರೋಡಾ, ಅಹಮದಾಬಾದ್
18 ಜೂನ್ 1997

ಚಿ. ನಳಿನಿಗೆ ಆಶೀರ್ವಾದಗಳು.

ಮೇಲಿನ ವಿಳಾಸ ನೋಡಿ ನಿನಗೆ ಆಶ್ಚರ್ಯವಾಗಬಹುದು. ಏಪ್ರಿಲಿನಿಂದ ನಿನ್ನ ಊರಿನಲ್ಲೇ ಇದ್ದೇನೆ. ಇಂದಿರಾ, ಚೇತನ್ ಸೂರತ್ತಿನಲ್ಲೇ ಇದ್ದಾರೆ. ಮಣಿನಗರಕ್ಕೆ ಇಲ್ಲಿಂದ ನೇರ ಬಸ್ಸಿದೆ, ಒಂದು ಸಲ ಹತ್ತಿದ್ದೆ ಕೂಡ. ನಡುವೆಯೇ ಇಳಿದುಬಿಟ್ಟೆ. ನಿನಗೆ ಮುಖ ತೋರಿಸುವುದಕ್ಕಿಂತ ಬರೆಯುವುದು ಸುಲಭ.

ನರೋಡಾದ ಈ ಕಾರ್ಖಾನೆ ಶೇಟ್ ಅವರ ಭಾವಮೈದುನನದು. ಮಾಡುವ ಮಾಲು ಅದೇ, ರಿಯಾಕ್ಟರ್ ಅದೇ. ಪ್ರೋಗ್ರಾಂ ಕೂಡ ಅದೇ, ನಳಿನಿ. ಹಳೆಯದು. ತಿದ್ದಿದ್ದನ್ನು ಹಾಕಿ ಎಂದು ಕೈಮುಗಿದು ಕೇಳಿದೆ. "ಅದರಲ್ಲಿ ದೋಷವಿಲ್ಲವೆಂದು ಸರ್ಕಾರವೇ ಹೇಳಿದೆ. ಈಗ ಬದಲಾಯಿಸಿದರೆ ಸೂರತ್ತಿನ ಕೇಸು ಮತ್ತೆ ಎದ್ದು ಕೂರುತ್ತದೆ" ಅಂದರು. ಕಂಪ್ಯೂಟರ್ ಕೋಣೆಯ ಬೀಗದ ಕೈ ಬೊಂಬಾಯಿಯ ಎಂಜಿನಿಯರ್ ಹತ್ತಿರ ಇದೆ.

ನನ್ನನ್ನು ಇಲ್ಲಿಗೆ ಕಳಿಸಿದ್ದು ಕಣ್ಣೆದುರಿಗೆ ಇರಲಿ ಅಂತ. ಬಿಟ್ಟುಹೋಗಬಹುದಿತ್ತು. ಹೋದರೆ ಇದು ಗೊತ್ತಿರುವವರು ಇಲ್ಲಿ ಯಾರೂ ಉಳಿಯುವುದಿಲ್ಲ. ಆದ್ದರಿಂದ ಒಪ್ಪಿಕೊಂಡೆ. ನನಗೆ ಮೇಜು ಕೆಲಸ ಕೊಟ್ಟಿದ್ದರು, ಶೆಡ್ಡಿನ ಉಸ್ತುವಾರಿ ಕೇಳಿ ಪಡೆದೆ. ತಣ್ಣೀರಿನ ಚಕ್ರದ ಪಕ್ಕ ಸ್ಟೂಲು ಹಾಕಿಕೊಂಡು ಕೂರುತ್ತೇನೆ.

ಈ ಸಲ ಬಾಯಿ ಮುಚ್ಚಿಕೊಂಡಿಲ್ಲ. ಎಲ್ಲ ಆಪರೇಟರುಗಳಿಗೂ ಹೇಳಿದ್ದೇನೆ, ಕರೆಂಟು ಹೋಗಿ ಬಂದರೆ ತೆರೆ ನೋಡಬೇಡಿ, ಚಕ್ರ ತಿರುಗಿಸಿ ಅಂತ. ಕಂಬದ ಮೇಲೆ ಬಣ್ಣದಲ್ಲಿ ಬರೆದಿದ್ದೆ, ಮ್ಯಾನೇಜರ್ ಸುಣ್ಣ ಬಳಿಸಿದರು. ಹುಡುಗರು ನನ್ನ ಕೈ ನೋಡುತ್ತಾರೆ, ಮಾತು ಕೇಳುತ್ತಾರೆ. ಆಮೇಲೆ ಅವರವರಲ್ಲೇ, "ಅಲ್ಲಿ ಆಪರೇಟರನದೇ ತಪ್ಪಂತೆ, ಸಾಹೇಬರಿಗೆ ಆಗಿನಿಂದ ತಲೆ ಸರಿಯಿಲ್ಲ" ಎಂದು ಮಾತಾಡಿಕೊಳ್ಳುತ್ತಾರೆ.

ಮಳೆ ಶುರುವಾಗಿದೆ. ಇವತ್ತು ಎರಡು ಸಲ ಕರೆಂಟು ಹೋಗಿ ಬಂತು. ಎರಡು ಸಲವೂ ಎದ್ದು ಚಕ್ರ ಹಿಡಿದೆ. ಬೆರಳು ಪೂರ್ತಿ ಮಡಿಯುವುದಿಲ್ಲ, ಪಕ್ಕದವನನ್ನು ಕೂಗಿ ಕರೆದು ತಿರುಗಿಸಬೇಕಾಯಿತು. ಅವನು ಬಂದ. ನಾಳೆಯೂ ಬರುತ್ತಾನೆ ಅಂದುಕೊಂಡಿದ್ದೇನೆ.

ನನ್ನ ಪಾಳಿ ನಾಲ್ಕು ಗಂಟೆಗೆ ಮುಗಿಯುತ್ತದೆ. ಅದಾದ ಮೇಲೂ ಸ್ವಲ್ಪ ಹೊತ್ತು ಕೂತಿರುತ್ತೇನೆ. ಕಾವಲುಗಾರ ಬಂದು ಹೊರಡಿ ಸಾಹೇಬ್ ಅನ್ನುತ್ತಾನೆ. ಆಮೇಲೆ ಆ ಸ್ಟೂಲಿನ ಮೇಲೆ ಯಾರೂ ಇರುವುದಿಲ್ಲ.

ನಿನ್ನ ಅಣ್ಣ
ರಾಮಕೃಷ್ಣ